ಮೇಷ್ಟರು ಕಲಿಯಬೇಕಾದ ಪಾಠ

ಮಗು ಪಾಠ ಒಪ್ಪಿಸದಿದ್ದರೆ ಮೇಷ್ಟರ ಮುಂದೆ ಕೈಕಟ್ಟಿ ನಿಲ್ಲಬೇಕು, ಇದು ಲೋಕರೂಢಿ. ಮೇಷ್ಟರೇ ಪಾಠ ಕಲಿಯದಿದ್ದರೆ ಅವರು ಯಾರ ಮುಂದೆ ನಿಲ್ಲಬೇಕು? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೂ ಅದು ಹರಟೆಯ ಕಟ್ಟೆಯನ್ನು ದಾಟಿ ಹೋಗುವುದಿಲ್ಲ. ಆದರೆ 1979ನೆಯ ಇಸವಿ ಜುಲೈ 12ರಂದು ಅಮೆರಿಕದ ಒಂದು ನ್ಯಾಯಸ್ಥಾನದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಿತು. ಓದು ಬಾರದ ಮಕ್ಕಳ ಮೊಕದ್ದಮೆಯನ್ನು ಕೇಳಿದ ನ್ಯಾಯಾಧೀಶರು, ಮಕ್ಕಳಿಗಿಂತ ಮೊದಲು ಅವರ ಉಪಾಧ್ಯಾಯರು ಕಲಿಯಬೇಕಾದುದು ಉಂಟೆಂದು ತೀರ್ಪಿತ್ತರು.

ಆ ಮೊಕದ್ದಮೆಯ ಕಥೆ ಕೇಳತಕ್ಕದ್ದು. ಅದರಲ್ಲಿ ಕೊಲೆಯಿಲ್ಲ, ಕಳವಿಲ್ಲ, ಆಸ್ತಿಯ ಪಾಲಿನ ವ್ಯಾಜ್ಯವಿಲ್ಲ. ಇದ್ದುದು ಹನ್ನೊಂದು ಮಕ್ಕಳು, ಅವರ ತಾಯಂದಿರು, ಮತ್ತು ಆ ಮಕ್ಕಳು ಮನೆಯಲ್ಲಿ ಆಡುವ ಮಾತು, ಇಷ್ಟೆ.

ವಿದ್ಯೆಯ ಊರಿನಲ್ಲಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಆ್ಯನ್ ಆರ್ಬರ್ ಎಂಬ ಊರಿದೆ. ಮೋಟಾರು ಕಾರುಗಳಿಗೆ ಹೆಸರಾದ ಡೆಟ್ರಾಯಿಟ್ ನಗರ ಅಲ್ಲಿಗೆ ದೂರವಲ್ಲ. ಮಿಷಿಗನ್ ವಿಶ್ವವಿದ್ಯಾನಿಲಯ 1837ರಿಂದ ಈ ಊರಿನಲ್ಲಿ ನೆಲೆಸಿದೆ. ಹೀಗಾಗಿ ಅದು ವಿದ್ವಾಂಸರ ಊರು. ಉದಾರ ಮನಸ್ಸಿನವರ ಊರೆಂದು ಹೆಸರು ಪಡೆದದ್ದು. ಅಲ್ಲಿಯ ಒಂದು ಪ್ರಾಥಮಿಕ ಶಾಲೆಗೆ, ಕಪ್ಪು ಜನರ ಹಕ್ಕಿಗಾಗಿ ಹೋರಾಡಿ 1968ರಲ್ಲಿ ಗುಂಡಿಗೆ ಬಲಿಯಾದ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರನ್ನೇ ಇಟ್ಟಿದ್ದರು. ಶಾಲೆಯ ಮಕ್ಕಳಲ್ಲಿ ನೂರಕ್ಕೆ ಎಂಬತ್ತರಷ್ಟು ಬಿಳಿಯರು. ಅವರಲ್ಲಿ ಹೆಚ್ಚಿನವರು ಅನುಕೂಲಸ್ಥರ ಮನೆಯವರು. ಕಪ್ಪು ಮಕ್ಕಳು ನೂರಕ್ಕೆ ಹದಿಮೂರರಷ್ಟು. ಇವರಲ್ಲಿ ಕೆಲವರು ಗ್ರೀನ್ ರೋಡ್ ಎಂಬಲ್ಲಿ ಕಡಮೆ ವರಮಾನದವರಿಗೆಂದು ಕಟ್ಟಿಸಿದ್ದ ಮನೆಗಳಿಂದ ಬರುತ್ತಿದ್ದರು.

ಗ್ರೀನ್ ರೋಡಿನ ಮಕ್ಕಳಿಗೆ ಓದು ಹತ್ತಲಿಲ್ಲ. ಕೆಲವರನ್ನು ಮತ್ತೆ ಅದೇ ತರಗತಿಯಲ್ಲಿ ಕೂರಿಸಿದರು. ಕೆಲವರನ್ನು ಓದು ಬಾರದಿದ್ದರೂ ಮೇಲಕ್ಕೆ ದಾಟಿಸಿದರು. ಕೆಲವರು ನಡತೆಯ ಕಾರಣದಿಂದ ಶಾಲೆಯ ಹೊರಗೆ ಉಳಿಯಬೇಕಾಯಿತು. ಇನ್ನು ಕೆಲವರ ಹೆಸರಿನ ಮುಂದೆ ಕಲಿಕೆಯ ಶಕ್ತಿಯಲ್ಲಿ ಊನವೆಂದೋ ಮನಸ್ಸಿನ ಸ್ಥಿರತೆಯಲ್ಲಿ ಊನವೆಂದೋ ಬರೆದರು. ಈ ಕೊನೆಯ ಬರಹ ತಾಯಂದಿರ ಎದೆಗೆ ನಾಟಿತು. ಮನೆಯಲ್ಲಿ ಹಗಲೆಲ್ಲ ಹರಳು ಹುರಿದಂತೆ ಮಾತಾಡುವ ಮಗು, ಅಂಗಡಿಯ ಲೆಕ್ಕವನ್ನು ತಪ್ಪದೆ ತರುವ ಮಗು, ಶಾಲೆಯ ಹೊಸ್ತಿಲು ದಾಟಿದ ಕ್ಷಣ ಮಂದಬುದ್ಧಿಯಾಗುವುದು ಹೇಗೆ? 1977ರ ಜುಲೈ 28ರಂದು ಆ ತಾಯಂದಿರು ಮಕ್ಕಳ ಪರವಾಗಿ ಶಾಲಾಮಂಡಲಿಯ ಮೇಲೆ ದಾವೆ ಹೂಡಿದರು.

ಶಾಲೆಯವರು ಕ್ರೂರಿಗಳಾಗಿದ್ದರೆ ಕಥೆ ಸುಲಭವಾಗುತ್ತಿತ್ತು. ಹಾಗಿರಲಿಲ್ಲ. ಹಿಂದುಳಿದ ಮಕ್ಕಳಿಗೆಂದು ಅವರು ಉಚ್ಚಾರಣೆಯ ತಜ್ಞರನ್ನೂ ಮನಃಶಾಸ್ತ್ರಜ್ಞರನ್ನೂ ಬೇರೆಯಾಗಿ ಪಾಠ ಹೇಳುವವರನ್ನೂ ಒದಗಿಸಿದ್ದರು. ಎಲ್ಲ ಮಕ್ಕಳನ್ನೂ ಒಂದೇ ಸಮನಾಗಿ ಕಾಣುತ್ತೇವೆಂದು ಉಪಾಧ್ಯಾಯರು ಮನಃಪೂರ್ವಕವಾಗಿ ನಂಬಿದ್ದರು. ಅಲ್ಲಿ ಇದ್ದುದು ದ್ವೇಷವಲ್ಲ. ಅದಕ್ಕಿಂತ ಹಿಡಿಯಲು ಕಷ್ಟವಾದ ಬೇರೊಂದು ದೋಷ.

ಕಾನೂನಿನ ಒಂದು ಸಣ್ಣ ಬಾಗಿಲು

ಬಡತನ, ಸಂಸ್ಕೃತಿ, ಸಾಮಾಜಿಕ ಸ್ಥಿತಿ, ಇವೆಲ್ಲವನ್ನೂ ಶಾಲೆ ಗಮನಿಸಲಿಲ್ಲವೆಂಬುದು ತಾಯಂದಿರ ಮೊದಲ ವಾದ. ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ಅದರಲ್ಲಿ ಬಹುಭಾಗವನ್ನು ತಳ್ಳಿಹಾಕಿದರು. ಬಡತನದಿಂದಾದ ತೊಡಕಿಗೆ ಅವರ ಮುಂದಿದ್ದ ಕಾನೂನಿನಲ್ಲಿ ಮದ್ದಿರಲಿಲ್ಲ. ಒಂದು ಸಣ್ಣ ಬಾಗಿಲನ್ನು ಮಾತ್ರ ತೆರೆದಿಟ್ಟರು. 1974ರ ಸಮಾನ ಶಿಕ್ಷಣಾವಕಾಶದ ಕಾಯಿದೆಯಲ್ಲಿ ಒಂದು ಮಾತುಂಟು: ಮಗು ಪಾಠದಲ್ಲಿ ಸಮನಾಗಿ ಭಾಗವಹಿಸದಂತೆ ಭಾಷೆ ಅಡ್ಡವಾದಾಗ, ಆ ಅಡ್ಡಿಯನ್ನು ನಿವಾರಿಸಲು ತಕ್ಕ ಕ್ರಮ ಕೈಗೊಳ್ಳದಿದ್ದರೆ, ಜನಾಂಗದ ಕಾರಣದಿಂದ ಅವಕಾಶ ನಿರಾಕರಿಸಿದಂತೆಯೇ. ಸ್ಪ್ಯಾನಿಷ್ ಅಥವಾ ಚೀನೀ ಮಾತಾಡುವ ಮಕ್ಕಳಿಗೆ ಈ ಮಾತು ಅನ್ವಯಿಸುವುದು ಎಲ್ಲರಿಗೂ ತಿಳಿದಿತ್ತು. ಆದರೆ ಈ ಮಕ್ಕಳು ಆಡುತ್ತಿದ್ದುದು ಇಂಗ್ಲಿಷನ್ನೇ ಅಲ್ಲವೆ? ಇಂಗ್ಲಿಷ್ ಬಲ್ಲವರಿಗೆ ಇಂಗ್ಲಿಷ್ ಅಡ್ಡಿಯಾಗುವುದೆ?

ಈ ತೊಡಕನ್ನು ಬಿಡಿಸಲು ಭಾಷಾವಿಜ್ಞಾನಿಗಳು ಸಾಕ್ಷಿಗಳಾಗಿ ಬಂದರು. ಅವರಲ್ಲಿ ಮುಖ್ಯರಾದವರು ಡೆಟ್ರಾಯಿಟಿನಲ್ಲಿ ಪ್ರಾಧ್ಯಾಪಕಿಯಾಗಿದ್ದ ಜಿನೀವಾ ಸ್ಮಿದರ್ಮನ್, ಮತ್ತು ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ ಮಕ್ಕಳ ಮಾತನ್ನು ವರ್ಷಗಟ್ಟಲೆ ಆಲಿಸಿದ್ದ ವಿಲಿಯಂ ಲಬೋವ್. ಕಪ್ಪು ಜನರ ಇಂಗ್ಲಿಷ್ ಕೆಟ್ಟುಹೋದ ಇಂಗ್ಲಿಷಲ್ಲ; ಅದಕ್ಕೆ ತನ್ನದೇ ವ್ಯಾಕರಣ ಉಂಟು, ಗುಲಾಮಗಿರಿಯ ಕಾಲಕ್ಕೆ ಹೋಗುವ ಚರಿತ್ರೆ ಉಂಟು ಎಂದು ಅವರು ವಿವರಿಸಿದರು.

ಆ ವ್ಯಾಕರಣದ ಒಂದೆರಡು ಸೂತ್ರಗಳನ್ನು ಇಂಗ್ಲಿಷಿನವರಿಗಿಂತ ಕನ್ನಡಿಗರು ಬೇಗ ಗ್ರಹಿಸಬಲ್ಲರು. ಆ ಮಗು ‘ಶೀ ಮೈ ಸಿಸ್ಟರ್’ ಎನ್ನುತ್ತದೆ. ನಡುವೆ ಇರಬೇಕಾದ ‘ಈಸ್’ ಎಂಬ ಕ್ರಿಯಾಪದವಿಲ್ಲ. ಉಪಾಧ್ಯಾಯರಿಗೆ ಅದು ಅರೆಬರೆ ವಾಕ್ಯವಾಗಿ ಕೇಳಿಸುತ್ತದೆ. ಆದರೆ ‘ಅವಳು ನನ್ನ ತಂಗಿ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿದೆ? ಕನ್ನಡಿಗನಿಗೆ ಅದು ಪೂರ್ಣ ವಾಕ್ಯ. ಅದೇ ಮಗು ‘ಹೀ ವರ್ಕಿಂಗ್’ ಎನ್ನುವುದುಂಟು, ‘ಹೀ ಬೀ ವರ್ಕಿಂಗ್’ ಎನ್ನುವುದೂ ಉಂಟು. ಬಿಳಿಯ ಉಪಾಧ್ಯಾಯರ ಕಿವಿಗೆ ಎರಡೂ ತಪ್ಪು, ಎರಡೂ ಒಂದೇ. ಆಡುವ ಮಗುವಿಗೆ ಅವೆರಡು ಬೇರೆ. ಮೊದಲನೆಯದು ‘ಅವನು ಕೆಲಸ ಮಾಡುತ್ತಿದ್ದಾನೆ’, ಎಂದರೆ ಈ ಹೊತ್ತಿನಲ್ಲಿ. ಎರಡನೆಯದು ‘ಅವನು ಕೆಲಸ ಮಾಡುತ್ತಿರುತ್ತಾನೆ’, ಎಂದರೆ ದಿನವೂ ರೂಢಿಯಾಗಿ. ಕನ್ನಡ ಕ್ರಿಯಾಪದ ತೋರಿಸುವ ಈ ಸೂಕ್ಷ್ಮವನ್ನು ಶಿಷ್ಟ ಇಂಗ್ಲಿಷ್ ಇಷ್ಟು ಚೊಕ್ಕವಾಗಿ ತೋರಿಸಲಾರದು. ಗ್ರೀನ್ ರೋಡಿನ ಮಗುವಿನ ಇಂಗ್ಲಿಷ್ ತೋರಿಸುತ್ತದೆ. ಅಂಥ ಮಗುವಿಗೆ ಭಾಷೆಯೇ ಇಲ್ಲವೆಂದು ತೀರ್ಮಾನಿಸಿದ ಶಾಲೆ, ಮೈತುಂಬ ಒಡವೆ ತೊಟ್ಟವಳನ್ನು ದರಿದ್ರಳೆಂದು ಕರೆದಂತೆ.

ನೆಲದ ಮೇಲೆ ಕುಳಿತ ಪರೀಕ್ಷಕ

ಹಾರ್ಲೆಮಿನಲ್ಲಿ ನಡೆದ ಒಂದು ಪ್ರಸಂಗವನ್ನು ಲಬೋವ್ 1969ರಲ್ಲಿ ಬರೆದಿದ್ದರು. ಎಂಟು ವರ್ಷದ ಒಬ್ಬ ಹುಡುಗನನ್ನು ಮಾತಾಡಿಸಲು ಸಂದರ್ಶಕನೊಬ್ಬ ಕುಳಿತ. ಸಂದರ್ಶಕನೂ ಕಪ್ಪು ಜನಾಂಗದವನೇ, ಹಾರ್ಲೆಮಿನಲ್ಲಿಯೇ ಬೆಳೆದವನು. ಆದರೂ ಹುಡುಗನ ಬಾಯಿಂದ ಮಾತು ಹೊರಡಲಿಲ್ಲ. ಕೇಳಿದ್ದಕ್ಕೆ ಒಂದು ಮಾತು, ಅರ್ಧ ಮಾತು, ತಲೆಯಾಡಿಸುವುದು, ಮೌನ. ಆ ಸಂಭಾಷಣೆಯನ್ನು ಹಾಗೆಯೇ ಬರೆದಿಟ್ಟಿದ್ದರೆ, ಈ ಬಾಲಕನಿಗೆ ಮಾತಿನ ಶಕ್ತಿಯೇ ಇಲ್ಲವೆಂದು ಯಾವ ತಜ್ಞನಾದರೂ ಷರಾ ಹಾಕಬಹುದಾಗಿತ್ತು.

ಮುಂದಿನ ಸಲ ಅದೇ ಸಂದರ್ಶಕ ಆಲೂಗೆಡ್ಡೆಯ ಚಿಪ್ಸ್ ಪೊಟ್ಟಣ ಹಿಡಿದು ಬಂದ. ಹುಡುಗನ ಜೊತೆಗೆ ಅವನ ಗೆಳೆಯನನ್ನೂ ಕರೆದುಕೊಂಡ. ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತ. ದೊಡ್ಡವರ ಮುಂದೆ ಆಡಬಾರದ ಒಂದೆರಡು ಮಾತನ್ನು ತಾನೇ ಮೊದಲು ಆಡಿದ. ಅಷ್ಟೇ ಸಾಕಾಯಿತು. ಹುಡುಗರಿಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸಿಕೊಂಡು, ವಾದಿಸಿ, ನಕ್ಕು, ಜಗಳವಾಡಿ ಮಾತಿನ ಮಳೆಗರೆದರು. ಹುಡುಗ ಬದಲಾಗಿರಲಿಲ್ಲ; ಅವನ ಭಾಷೆಯೂ ಬದಲಾಗಿರಲಿಲ್ಲ. ಬದಲಾದದ್ದು ಎದುರಿಗೆ ಕುಳಿತವನ ಎತ್ತರ.

ಕೇಳುವವನ ಮೈಬಣ್ಣ ಒಂದೇ ಆಗಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗದೆಂಬುದನ್ನೂ ಈ ಪ್ರಸಂಗ ತಿಳಿಸುತ್ತದೆ. ಕೇಳುವ ರೀತಿಯನ್ನು ಕಲಿಯಬೇಕು. ಅದು ಹುಟ್ಟಿನಿಂದ ತಾನಾಗಿ ಬರುವುದಿಲ್ಲ.

ತೀರ್ಪು

ಜಾಯ್ನರ್ ಅವರು ಎಲ್ಲವನ್ನೂ ಕೇಳಿದರು. ಮಕ್ಕಳು ಮನೆಯ ಮಾತನ್ನೂ ಶಾಲೆಯ ಮಾತನ್ನೂ ಸಂದರ್ಭ ನೋಡಿ ಬದಲಾಯಿಸಬಲ್ಲರೆಂಬುದು ಅವರಿಗೆ ಕಂಡಿತು. ಉಪಾಧ್ಯಾಯರ ಮಾತು ಮಕ್ಕಳಿಗೆ ತಿಳಿಯುತ್ತಿತ್ತು, ಮಕ್ಕಳ ಮಾತು ಉಪಾಧ್ಯಾಯರಿಗೆ ತಿಳಿಯುತ್ತಿತ್ತು. ಹಾಗಾದರೆ ಅಡ್ಡಿ ಎಲ್ಲಿತ್ತು? ಭಾಷೆಯೇ ಗೋಡೆಯಲ್ಲ, ಆ ಭಾಷೆಯ ಬಗೆಗೆ ಉಪಾಧ್ಯಾಯರಲ್ಲಿ ಅರಿವಿಲ್ಲದೆಯೇ ಬೇರುಬಿಟ್ಟಿದ್ದ ತಾತ್ಸಾರವೇ ಗೋಡೆಯಾಗಬಲ್ಲುದು ಎಂಬುದು ತೀರ್ಪಿನ ತಿರುಳು. ತನ್ನ ಬಾಯಿಂದ ಬಂದ ಪ್ರತಿಯೊಂದು ಮಾತೂ ತಪ್ಪೆಂದು ಎಣಿಕೆಯಾಗುವಲ್ಲಿ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿಕೊಂಡ ಮಗುವಿಗೆ ಓದು ಬರುವುದಿಲ್ಲ.

ಇದರ ಕೆಲಸ ತರಗತಿಯಲ್ಲಿ ಹೇಗೆ ನಡೆಯುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪುಸ್ತಕದಲ್ಲಿ ‘ಟೆಸ್ಟ್’ ಎಂದಿದೆ. ಮಗು ‘ಟೆಸ್’ ಎಂದು ಓದುತ್ತದೆ. ಪದದ ಕೊನೆಯ ವ್ಯಂಜನವನ್ನು ಬಿಡುವುದು ಅದರ ಮನೆಮಾತಿನ ನಿಯಮ. ಅರ್ಥ ಅದಕ್ಕೆ ಪೂರ್ತಿ ತಿಳಿದಿದೆ. ಉಪಾಧ್ಯಾಯರು ತಡೆದು ತಿದ್ದುತ್ತಾರೆ. ಮಗು ತಾನು ಓದಿದ್ದೇ ತಪ್ಪೆಂದು ತಿಳಿದು ಪದವನ್ನು ಮತ್ತೆ ದಿಟ್ಟಿಸುತ್ತದೆ, ತಡವರಿಸುತ್ತದೆ. ಹತ್ತು ಸಾಲಿನಲ್ಲಿ ಹತ್ತು ಸಲ ಹೀಗಾದರೆ ಕಥೆಯ ಎಳೆ ಹರಿದುಹೋಗುತ್ತದೆ. ಉಚ್ಚಾರಣೆಯ ಭೇದವಾವುದು, ನಿಜವಾಗಿ ಓದಿನಲ್ಲಿ ಆದ ತಪ್ಪಾವುದು ಎಂದು ವಿಂಗಡಿಸಲು ಬಾರದ ಉಪಾಧ್ಯಾಯರು, ರೋಗವಿಲ್ಲದ ಕಡೆ ಕತ್ತಿಯಾಡಿಸುವ ವೈದ್ಯರಂತೆ.

ನ್ಯಾಯಾಧೀಶರ ಆಜ್ಞೆ ಸರಳವಾಗಿತ್ತು. ಈ ಮಾತನ್ನಾಡುವ ಮಕ್ಕಳನ್ನು ಗುರುತಿಸಲು, ಮತ್ತು ಆ ಮಾತಿನ ತಿಳಿವಳಿಕೆಯನ್ನು ಉಪಯೋಗಿಸಿಕೊಂಡು ಶಿಷ್ಟ ಇಂಗ್ಲಿಷನ್ನು ಓದಲು ಕಲಿಸಲು, ಉಪಾಧ್ಯಾಯರಿಗೆ ಹೇಗೆ ನೆರವಾಗುವಿರಿ? ಅದರ ಯೋಜನೆಯನ್ನು 30 ದಿನಗಳೊಳಗೆ ನ್ಯಾಯಸ್ಥಾನಕ್ಕೆ ಒಪ್ಪಿಸಬೇಕು. ಹೀಗೆ ಕಿಂಗ್ ಶಾಲೆಯ ಉಪಾಧ್ಯಾಯರು ಮತ್ತೆ ವಿದ್ಯಾರ್ಥಿಗಳಾದರು.

ಶಿಷ್ಟ ಇಂಗ್ಲಿಷ್ ಬೇಡವೆಂದು ಇಲ್ಲಿ ಯಾರೂ ಹೇಳಿರಲಿಲ್ಲ. ತಾಯಂದಿರು ಬಯಸಿದ್ದೂ ಅದನ್ನೇ, ನ್ಯಾಯಾಧೀಶರು ಸ್ಪಷ್ಟವಾಗಿ ಬರೆದದ್ದೂ ಅದನ್ನೇ. ಉದ್ಯೋಗಕ್ಕೆ, ವ್ಯವಹಾರಕ್ಕೆ, ಮೇಲಿನ ವಿದ್ಯೆಗೆ ಅದು ಬೇಕು. ಆದರೂ ಶಾಲೆಗಳಲ್ಲಿ ಕಪ್ಪು ಜನರ ಇಂಗ್ಲಿಷನ್ನೇ ಪಾಠವಾಗಿ ಹೇಳಿಕೊಡಬೇಕಂತೆ ಎಂಬ ಸುದ್ದಿ ದೇಶದ ತುಂಬ ಹಬ್ಬಿತು; ನಗೆಚಾಟಿಕೆ ಸಾಗಿತು. ಅದೇ ಜುಲೈ ತಿಂಗಳು ಮುಗಿಯುವ ಮೊದಲೇ ಪ್ರಸಿದ್ಧ ಲೇಖಕ ಜೇಮ್ಸ್ ಬಾಲ್ಡ್ವಿನ್ ಪತ್ರಿಕೆಯೊಂದರಲ್ಲಿ ಪ್ರಬಂಧ ಬರೆದು, ಚರ್ಚೆಯಲ್ಲಿರುವುದು ಭಾಷೆಯಲ್ಲ, ಆ ಭಾಷೆಯನ್ನಾಡುವ ಜನರ ಸ್ಥಾನಮಾನ ಎಂದು ವಾದಿಸಿದರು.

ತಿಳಿದವರು ಎಲ್ಲಿ ಹೋದರು?

ಓದುಗರಿಗೆ ಇಲ್ಲೊಂದು ಸಂದೇಹ ಬರುವುದು ಸಹಜ. ಅಮೆರಿಕದಲ್ಲಿ ಕಪ್ಪು ಜನಾಂಗದ ಉಪಾಧ್ಯಾಯರು ಇರಲಿಲ್ಲವೆ? ಈ ಮಾತನ್ನು ಬಲ್ಲವರು ಅವರಲ್ಲವೆ?

ಇದ್ದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳ ಶಾಲೆ ಬೇರೆ, ಬಿಳಿಯ ಮಕ್ಕಳ ಶಾಲೆ ಬೇರೆ ಎಂಬ ಕಟ್ಟಳೆ ಇದ್ದ ಕಾಲದಲ್ಲಿ ಕಪ್ಪು ಮಕ್ಕಳಿಗೆ ಅವರದೇ ಜನಾಂಗದ ಉಪಾಧ್ಯಾಯರು ಪಾಠ ಹೇಳುತ್ತಿದ್ದರು. 1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ಭೇದವನ್ನು ಅಸಿಂಧುವೆಂದು ಸಾರಿತು. ಅದು ಚರಿತ್ರೆಯಲ್ಲಿ ಸ್ಮರಣೀಯವಾದ ದಿನ. ಆದರೆ ಶಾಲೆಗಳು ಒಂದಾದಾಗ ಮುಚ್ಚಿಹೋದದ್ದು ಹೆಚ್ಚಾಗಿ ಕಪ್ಪು ಮಕ್ಕಳ ಶಾಲೆಗಳು. ಮಕ್ಕಳು ಬಿಳಿಯರ ಶಾಲೆಗೆ ಹೋದರು. ಉಪಾಧ್ಯಾಯರನ್ನು ಜೊತೆಗೆ ಕರೆಯಲಿಲ್ಲ. 1954ರಿಂದ 1965ರ ವರೆಗೆ 17 ರಾಜ್ಯಗಳಲ್ಲಿ ಸುಮಾರು 38,000 ಮಂದಿ ಕಪ್ಪು ಉಪಾಧ್ಯಾಯರೂ ಶಾಲಾಧಿಕಾರಿಗಳೂ ಕೆಲಸ ಕಳೆದುಕೊಂಡರೆಂದು ಅಂದಾಜು ಮಾಡಿದ್ದಾರೆ. ಅವರೊಂದಿಗೆ ತಲೆಮಾರುಗಳ ಅನುಭವವೂ ಮನೆಗೆ ಹೋಯಿತು. ಉಳಿದ ಉಪಾಧ್ಯಾಯರಿಗೆ ಆ ಅನುಭವವನ್ನು ತಲಪಿಸುವ ಏರ್ಪಾಡು ಯಾವ ತರಬೇತಿ ಕಾಲೇಜಿನಲ್ಲಿಯೂ ವ್ಯವಸ್ಥಿತವಾಗಿ ಇರಲಿಲ್ಲ. ಕದ ತೆರೆದರು, ಒಳಗೆ ಬಂದ ಮಗುವಿನೊಡನೆ ಮಾತಾಡುವವರನ್ನು ಸಿದ್ಧಗೊಳಿಸಲಿಲ್ಲ.

ಉಪಾಧ್ಯಾಯರ ತರಬೇತಿಯ ಪ್ರಶ್ನೆ ಹುಟ್ಟುವುದು ಇಲ್ಲಿಂದ. ವರ್ಣಭೇದ ತಪ್ಪೆಂದು ಗೋಡೆಯ ಮೇಲೆ ಬರೆಸಿದರೆ ಸಾಲದು. ಕಿಂಗ್ ಅವರ ಹೆಸರನ್ನು ಶಾಲೆಯ ಹೆಬ್ಬಾಗಿಲಲ್ಲಿ ಕೆತ್ತಿಸಿದರೂ ಸಾಲದೆಂಬುದನ್ನು ಆ್ಯನ್ ಆರ್ಬರ್ ತೋರಿಸಿತು.

ಒಂದು ಸೇತುವೆ

ಮನೆಮಾತಿನಿಂದ ಶಾಲೆಯ ಮಾತಿಗೆ ದಾರಿ ಉಂಟೆಂಬುದಕ್ಕೆ ಪ್ರಮಾಣವೂ ದೊರೆತಿತ್ತು. ದಾವೆ ಹೂಡಿದ 1977ರಲ್ಲಿಯೇ ‘ಬ್ರಿಜ್’, ಎಂದರೆ ಸೇತುವೆ, ಎಂಬ ಹೆಸರಿನ ಓದುಪಾಠಗಳು ಅಚ್ಚಾದವು. ಕಥೆ ಮೊದಲು ಮಕ್ಕಳ ಮನೆಮಾತಿನಲ್ಲಿ. ಆಮೇಲೆ ನಡುವಣ ಒಂದು ರೂಪದಲ್ಲಿ. ಕೊನೆಗೆ ಶಿಷ್ಟ ಇಂಗ್ಲಿಷಿನಲ್ಲಿ. ಹಾಲು ಬಿಡಿಸಿ ಅನ್ನ ಹಿಡಿಸುವ ತಾಯಿಯ ಕ್ರಮ ಇದು. ಏಳನೆಯ ತರಗತಿಯಿಂದ ಹನ್ನೆರಡನೆಯ ತರಗತಿಯ ವರೆಗಿನ 540 ವಿದ್ಯಾರ್ಥಿಗಳಲ್ಲಿ ನಾಲ್ಕು ತಿಂಗಳು ಇದನ್ನು ಪರೀಕ್ಷಿಸಿದರು. ರೂಢಿಯ ಪಾಠ ಕೇಳಿದವರು ಆ ನಾಲ್ಕು ತಿಂಗಳಲ್ಲಿ 1.6 ತಿಂಗಳಷ್ಟು ಓದಿನಲ್ಲಿ ಮುಂದುವರಿದಿದ್ದರು. ಸೇತುವೆಯ ಮೇಲೆ ನಡೆದವರು 6.2 ತಿಂಗಳಷ್ಟು.

ಇಷ್ಟು ಫಲ ಕೊಟ್ಟ ಪುಸ್ತಕ ಮನೆಮನೆಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಕೆಟ್ಟ ಇಂಗ್ಲಿಷನ್ನು ಅಚ್ಚು ಹಾಕುತ್ತಾರೆಂಬ ಆಕ್ಷೇಪ ಎದ್ದಿತು, ಪ್ರಕಾಶಕರು ವಿವಾದಕ್ಕೆ ಅಂಜಿದರು, ಪುಸ್ತಕ ಮರೆಯಾಯಿತು. ಆಕ್ಷೇಪಿಸಿದವರಲ್ಲಿ ಕಪ್ಪು ಜನಾಂಗದ ತಂದೆತಾಯಿಗಳೂ ಇದ್ದರು. ಅವರನ್ನು ದೂರುವುದು ಸುಲಭವಲ್ಲ. ತಮ್ಮ ಮಾತಿಗಾಗಿ ಬಾಳೆಲ್ಲ ಅವಮಾನ ಉಂಡವರು, ಮಕ್ಕಳ ಪುಸ್ತಕದಲ್ಲಿ ಅದೇ ಮಾತನ್ನು ಕಂಡಾಗ ಬೆಚ್ಚುವುದು ಸ್ವಾಭಾವಿಕ. 1996ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಶಾಲಾಮಂಡಲಿ ಮನೆಮಾತಿಗೆ ಮನ್ನಣೆ ಕೊಡುವ ನಿರ್ಣಯ ಮಾಡಿದಾಗಲೂ ಇದೇ ಗದ್ದಲ, ಇದೇ ಹಾಸ್ಯ. ಮುಂದಿನ ತಿಂಗಳೇ ನಿರ್ಣಯದ ಪದಗಳನ್ನು ತಿದ್ದಬೇಕಾಯಿತು. ಅಮೆರಿಕದ ಭಾಷಾವಿಜ್ಞಾನಿಗಳ ಸಂಘ ಮಾತ್ರ 1997ರ ಜನವರಿಯಲ್ಲಿ ಆ ಮಾತು ನಿಯಮಬದ್ಧವಾದುದೆಂದು ಬಹಿರಂಗವಾಗಿ ಸಾರಿತು.

ಆ್ಯನ್ ಆರ್ಬರಿನ ತರಬೇತಿಯಿಂದಲೂ ಎಲ್ಲವೂ ನೆಟ್ಟಗಾಗಲಿಲ್ಲ. ಉಪಾಧ್ಯಾಯರು ಉಪನ್ಯಾಸಗಳನ್ನು ಕೇಳಿದರು. ಅವರ ತಿಳಿವಳಿಕೆಯನ್ನು ಅಳೆದರು. ಆದರೆ ಮಕ್ಕಳಿಗೆ ಓದು ಬಂದಿತೆ ಎಂಬುದನ್ನು ಅಳೆಯುವ ಕಡೆಗೆ ಯೋಜನೆ ಸಾಕಷ್ಟು ಗಮನ ಕೊಡಲಿಲ್ಲವೆಂದು ಸ್ಮಿದರ್ಮನ್ ಅವರೇ ಟೀಕಿಸಿದರು. ಉಪಾಧ್ಯಾಯರ ಪಶ್ಚಾತ್ತಾಪ ಮಗುವಿನ ವಿದ್ಯೆಯಾಗದು. ಕಲಿತವರು ಯಾರು, ಅದರ ಫಲ ಸೇರಬೇಕಾದುದು ಯಾರಿಗೆ ಎಂಬುದನ್ನು ಮರೆತ ತರಬೇತಿ, ಸಭೆ ಮುಗಿಸಿ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತದೆ.

ಎಂಟು ಮಂದಿ ಗುರುಗಳು

ಸೋಲುಗಳನ್ನು ಎಣಿಸುವುದನ್ನು ಬಿಟ್ಟು, ಗೆದ್ದವರನ್ನು ಹುಡುಕಿಕೊಂಡು ಹೊರಟವರು ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಎಂಬ ವಿದುಷಿ. ಕಪ್ಪು ಮಕ್ಕಳಿಗೆ ಚೆನ್ನಾಗಿ ಕಲಿಸುವ ಉಪಾಧ್ಯಾಯರು ಯಾರೆಂದು ಅವರು ತಂದೆತಾಯಿಗಳನ್ನೇ ಕೇಳಿದರು. ಶಾಲೆಯ ಮುಖ್ಯಸ್ಥರನ್ನೂ ಕೇಳಿದರು. ಎರಡೂ ಪಟ್ಟಿಗಳಲ್ಲಿ ಇದ್ದವರ ತರಗತಿಗಳಲ್ಲಿ ಕುಳಿತು ನೋಡಿದರು. ಉತ್ತರ ಕ್ಯಾಲಿಫೋರ್ನಿಯಾದ ಅಂಥ ಎಂಟು ಮಂದಿಯ ಕಥೆ 1994ರಲ್ಲಿ ಪುಸ್ತಕವಾಯಿತು. ಎಂಟರಲ್ಲಿ ಐವರು ಕಪ್ಪು ಜನಾಂಗದವರು, ಮೂವರು ಬಿಳಿಯರು. ಎಂದಮೇಲೆ ಈ ವಿದ್ಯೆ ರಕ್ತದಿಂದ ಬರುವುದಲ್ಲ; ಕಲಿತರೆ ಬರುವುದು.

ಒಬ್ಬ ಉಪಾಧ್ಯಾಯಿನಿ ಎರಡನೆಯ ತರಗತಿಯ ಮಕ್ಕಳಿಗೆ ಅವರ ಬೀದಿಯಲ್ಲಿ ಹುಟ್ಟಿದ ರ್‍ಯಾಪ್ ಹಾಡುಗಳನ್ನೇ ತರಲು ಹೇಳಿದರು. ಪಾಠಕ್ಕೆ ತಕ್ಕವನ್ನು ಆರಿಸಿ, ಅವುಗಳಲ್ಲಿಯೇ ಪ್ರಾಸವೆಂದರೇನು, ವಾಚ್ಯಾರ್ಥಕ್ಕೂ ಧ್ವನ್ಯರ್ಥಕ್ಕೂ ಭೇದವೇನು ಎಂಬುದನ್ನು ತೋರಿಸಿ, ಅಲ್ಲಿಂದ ಪುಸ್ತಕದ ಕವಿತೆಗೆ ದಾಟಿಸಿದರು. ಮತ್ತೊಬ್ಬ ಬಿಳಿಯ ಉಪಾಧ್ಯಾಯಿನಿ ಮಕ್ಕಳಿಗೆ ಮನೆಮಾತಿನಲ್ಲಿಯೇ ಆಡಲು, ಬರೆಯಲು ಬಿಟ್ಟರು. ಬಳಿಕ ಅದನ್ನೇ ಶಿಷ್ಟ ರೂಪಕ್ಕೆ ಅನುವಾದಿಸಲು ಹೇಳಿದರು. ತಪ್ಪನ್ನು ತಿದ್ದುವುದಕ್ಕೂ ಅನುವಾದ ಮಾಡುವುದಕ್ಕೂ ಎಷ್ಟು ಅಂತರ! ತಿದ್ದಿಸಿಕೊಂಡವನು ಅಪರಾಧಿ; ಅನುವಾದಿಸಿದವನು ಎರಡು ಭಾಷೆ ಬಲ್ಲ ಪಂಡಿತ.

ಈ ಗುರುಗಳ ನಡವಳಿಕೆಯಿಂದ ಲ್ಯಾಡ್ಸನ್-ಬಿಲ್ಲಿಂಗ್ಸ್ ಮೂರು ಲಕ್ಷಣಗಳನ್ನು ಬಿಡಿಸಿ ತೆಗೆದರು. ಮಕ್ಕಳು ನಿಜವಾಗಿ ಕಲಿಯಬೇಕು, ಸಲಿಗೆಯ ಹೆಸರಿನಲ್ಲಿ ಪಾಠ ತೆಳುವಾಗಬಾರದು. ತಮ್ಮ ಮನೆಯ ಸಂಸ್ಕಾರವನ್ನು ಕಳೆದುಕೊಳ್ಳದೆ ಕಲಿಯಬೇಕು. ತಮ್ಮ ಸುತ್ತಣ ಅನ್ಯಾಯವನ್ನು ಕಂಡು ಪ್ರಶ್ನಿಸುವಷ್ಟು ಕಣ್ಣು ತೆರೆಯಬೇಕು. ಮೂರರಲ್ಲಿ ಮೊದಲನೆಯದನ್ನು ಮರೆತು ಎರಡನೆಯದಕ್ಕೆ ಹಬ್ಬದ ವೇಷ ತೊಡಿಸಿ ಕುಣಿಸುವುದು, ಮೂರನೆಯದನ್ನು ಪೂರ್ತಿ ಬಿಟ್ಟುಬಿಡುವುದು, ಬಹಳ ಕಡೆ ನಡೆಯುವ ಸಂಗತಿ.

2012ರಲ್ಲಿ ಜ್ಯಾಂಗೋ ಪ್ಯಾರಿಸ್ ಎಂಬ ಶಿಕ್ಷಣತಜ್ಞರು ಈ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಸೇತುವೆ ಸರಿ, ಆದರೆ ಅದು ಒಂದೇ ಕಡೆಗೆ ಹೋಗುವ ಸೇತುವೆಯೆ? ಮಗುವನ್ನು ಆಚೆ ದಡಕ್ಕೆ ದಾಟಿಸಿದ ಮೇಲೆ ಈಚೆ ದಡ ಬಂಜರಾಗಲಿ ಎಂದೆ? ಮನೆಮಾತು ಶಾಲೆಯ ಮಾತಿಗೆ ಮೆಟ್ಟಿಲಾಗುವುದಷ್ಟೇ ಸಾಲದು. ಶಾಲೆ ಅದನ್ನು ಪೋಷಿಸಿ ಉಳಿಸಬೇಕು ಎಂಬುದು ಅವರ ವಾದದ ಸಾರ. ಏಣಿ ಹತ್ತಿದ ಮೇಲೆ ಒದ್ದುಬಿಡಬಹುದು. ತಾಯಿಯ ಮಾತು ಏಣಿಯಲ್ಲ.

‘ಹಾಲು’ ಮತ್ತು ‘ಆಲು’

ದೂರದ ಅಮೆರಿಕದ ಈ ಕಥೆಗೆ ಕನ್ನಡದ ಜೊತೆಗೆ ಒಂದು ಹಳೆಯ ನಂಟಿದೆ. ವಿಲಿಯಂ ಬ್ರೈಟ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1950ರ ದಶಕದಲ್ಲಿ ಕರ್ನಾಟಕಕ್ಕೆ ಬಂದು ಆಡುಗನ್ನಡವನ್ನು ಅಭ್ಯಸಿಸಿದರು. ಒಂದೇ ಊರಿನಲ್ಲಿ ಜಾತಿಯಿಂದ ಜಾತಿಗೆ ಮಾತು ಹೇಗೆ ಬೇರೆಯಾಗುತ್ತದೆಂಬುದನ್ನು ಗುರುತಿಸಿ ಬರೆದರು: ಬ್ರಾಹ್ಮಣರ ಮನೆಯ ‘ಇದೆ’ ಇತರರಲ್ಲಿ ‘ಐತಿ’, ಇವರ ‘ಹೆಸ್ರು’ ಅವರ ‘ಎಸ್ರು’. ಮೈಸೂರಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾನಿಲಯ ಸೇರಿದ ಎ. ಕೆ. ರಾಮಾನುಜನ್ ಅವರೊಡನೆ ಸೇರಿ ಈ ವಿಚಾರವನ್ನು ಮುಂದುವರಿಸಿದರು. ಇದೇ ಬ್ರೈಟ್ ಅವರು 1964ರಲ್ಲಿ ಲಾಸ್ ಏಂಜಲೀಸಿನಲ್ಲಿ ಸಮಾಜ ಮತ್ತು ಭಾಷೆಯ ಸಂಬಂಧವನ್ನು ಕುರಿತು ವಿದ್ವಾಂಸರ ಸಮ್ಮೇಳನವನ್ನು ಕೂಡಿಸಿದರು. ಅಲ್ಲಿ ಪ್ರಬಂಧ ಓದಿದವರಲ್ಲಿ ಲಬೋವ್ ಒಬ್ಬರು. ಕನ್ನಡದ ಜಾತಿಮಾತುಗಳನ್ನು ಆಲಿಸಿದ ಕಿವಿಯೂ ಹಾರ್ಲೆಮಿನ ಮಕ್ಕಳನ್ನು ಆಲಿಸಿದ ಕಿವಿಯೂ ಒಂದೇ ಚಾವಡಿಯಲ್ಲಿ ಕುಳಿತಿದ್ದವು.

ಜಾತಿಯೂ ಜನಾಂಗವೂ ಒಂದಲ್ಲ. ಗುಲಾಮಗಿರಿಯ ಚರಿತ್ರೆ ಬೇರೆ, ಅಸ್ಪೃಶ್ಯತೆಯ ಚರಿತ್ರೆ ಬೇರೆ. ಎರಡನ್ನೂ ಒಂದೇ ಅಚ್ಚಿಗೆ ಹೊಯ್ಯುವುದು ಎರಡಕ್ಕೂ ಅನ್ಯಾಯ. ಆದರೆ ತರಗತಿಯ ನಗು ಮಾತ್ರ ಎಲ್ಲ ಕಡೆಯೂ ಒಂದೇ ಜಾತಿಯದು.

ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತು. ಪಕಾರ ಹಕಾರವಾದುದನ್ನು ಯಾವ ಪಂಡಿತರೂ ಅಪಭ್ರಂಶವೆಂದು ಜರೆಯುವುದಿಲ್ಲ. ಭಾಷೆಯ ಸಹಜವಾದ ನಡೆ ಎಂದು ಪರೀಕ್ಷೆಯಲ್ಲಿ ಅಂಕ ಕೊಡುತ್ತಾರೆ. ಅದೇ ‘ಹಾಲು’ ಒಂದು ಮಗುವಿನ ಬಾಯಲ್ಲಿ ‘ಆಲು’ ಆದರೆ ತರಗತಿಯೆಲ್ಲ ನಗುತ್ತದೆ. ಪಕಾರ ಕಳೆದದ್ದು ವಿಕಾಸ, ಹಕಾರ ಕಳೆದದ್ದು ಅಜ್ಞಾನ! ಎರಡು ಬದಲಾವಣೆಗಳಿಗೂ ಧ್ವನಿಶಾಸ್ತ್ರದಲ್ಲಿ ಭೇದವಿಲ್ಲ. ಭೇದ ಇರುವುದು ಆಡಿದವರು ಯಾರ ಮನೆಯವರೆಂಬುದರಲ್ಲಿ.

ಅಕ್ಷರ ತಿದ್ದಿಸುವಾಗ ‘ಹಾಲು’ ಎಂದು ಬರೆಯಲು ಕಲಿಸಲೇಬೇಕು. ಅದನ್ನು ಬಿಡುವಂತಿಲ್ಲ. ಆದರೆ ಹೇಗೆ ಕಲಿಸುವುದು? ‘ನಿಮ್ಮ ಮನೆಯಲ್ಲಿ ಹೀಗೆನ್ನುತ್ತೀರಿ, ಪುಸ್ತಕದಲ್ಲಿ ಹೀಗೆ ಬರೆಯುತ್ತೇವೆ’ ಎನ್ನುವ ಮೇಷ್ಟರು ಮಗುವಿಗೆ ಎರಡು ಮಾತುಗಳ ಒಡೆತನ ಕೊಡುತ್ತಾರೆ. ‘ಥೂ, ಮೊದಲು ನಾಲಗೆ ತಿದ್ದಿಕೊ’ ಎನ್ನುವ ಮೇಷ್ಟರು ತಿದ್ದುವುದು ನಾಲಗೆಯನ್ನಲ್ಲ. ಆ ನಾಲಗೆಗೆ ಮಾತು ಕಲಿಸಿದ ತಾಯಿ ಆ ಸಂಜೆ ಮಗು ಮನೆಗೆ ಬರುವ ಹೊತ್ತಿಗೆ ಒಂದು ಅಂಗುಲ ಕುಗ್ಗಿರುತ್ತಾಳೆ. ಗ್ರೀನ್ ರೋಡಿನ ತಾಯಂದಿರು ನ್ಯಾಯಸ್ಥಾನದ ಮೆಟ್ಟಿಲು ಹತ್ತಿದರು. ಎಲ್ಲ ತಾಯಂದಿರಿಗೂ ಅದು ಸಾಧ್ಯವಾಗುವುದಿಲ್ಲ. ಬಹಳ ಮಂದಿ ಸುಮ್ಮನೆ ಮಗುವನ್ನು ಶಾಲೆ ಬಿಡಿಸುತ್ತಾರೆ; ಅವರ ಮೊಕದ್ದಮೆ ಯಾವ ದಫ್ತರದಲ್ಲಿಯೂ ದಾಖಲಾಗುವುದಿಲ್ಲ.

ನ್ಯಾಯಸ್ಥಾನ 30 ದಿನಗಳ ಗಡುವು ಕೊಡಬಲ್ಲುದು, ತರಬೇತಿಗೆ ಕಳುಹಿಸಬಲ್ಲುದು. ತರಗತಿಯ ಕದ ಮುಚ್ಚಿದ ಮೇಲೆ ಒಳಗೆ ಉಳಿಯುವವರು ಮೇಷ್ಟರು, ಮಕ್ಕಳು, ಇಷ್ಟೇ ಜನ. ಅಲ್ಲಿ ಒಂದು ಮಗು ಎದ್ದುನಿಂತು, ‘ಸಾ, ನಮ್ಮನೇಲಿ ಒಂದು ಅಸು ಐತಿ’ ಎನ್ನುತ್ತದೆ. ಮೂವತ್ತು ಮುಖಗಳು ನಗಲು ಸಿದ್ಧವಾಗಿ ಮೇಷ್ಟರ ಕಡೆಗೆ ತಿರುಗುತ್ತವೆ. ಮೇಷ್ಟರು ಆ ಹಸುವಿನ ಹೆಸರೇನೆಂದು ಕೇಳುತ್ತಾರೋ, ಇಲ್ಲ ತಾವೂ ನಗುತ್ತಾರೋ, ಅದರ ಮೇಲೆ ಆ ಮಗು ನಾಳೆ ಮತ್ತೆ ಎದ್ದುನಿಲ್ಲುವುದೋ ಇಲ್ಲವೋ ನಿರ್ಧಾರವಾಗುತ್ತದೆ.